ಇ-ಸೈಕಲ್ ಡಿಸ್‌ಪ್ಲೇ ಕಳುವಾಗದಂತೆ ಕಾಯುವುದು: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಇ-ಸೈಕಲ್ಲಿನ ಹ್ಯಾಂಡಲ್ ಮೇಲೆ ಕೂತು ವೇಗ, ಬ್ಯಾಟರಿ ತೋರಿಸುವ ಪುಟ್ಟ ಪರದೆಯೇ ಡಿಸ್‌ಪ್ಲೇ. ಅದನ್ನು ಕಳೆದುಕೊಂಡವರನ್ನು ವಿಚಾರಿಸಿ ನೋಡಿ. ಒಬ್ಬರು ಕೈಪಿಡಿಯಲ್ಲಿದ್ದಂತೆ ಅಡಿಯಿಂದ ಸ್ಕ್ರೂ ಹಾಕಿರುತ್ತಾರೆ, ಇನ್ನೊಬ್ಬರು ಫೆವಿಕ್ವಿಕ್ ಸುರಿದಿರುತ್ತಾರೆ, ಮತ್ತೊಬ್ಬರು ಮೊಬೈಲ್ ಆ್ಯಪ್‌ನಲ್ಲಿ ಬೀಗ ಹಾಕಿ ನೆಮ್ಮದಿಯಾಗಿ ಸಿನಿಮಾಕ್ಕೆ ಹೋಗಿರುತ್ತಾರೆ. ಫೆವಿಕ್ವಿಕ್‌ನ ಮಾತು ಬಿಡಿ, ಅದು ತಪ್ಪೇ. ಸ್ಕ್ರೂ ಮತ್ತು ಆ್ಯಪ್ ಬೀಗ ಒಳ್ಳೆಯವೇ ಆದರೂ ಅವು ಇರುವುದು ಬೇರೆ ಕೆಲಸಕ್ಕೆ. ಸ್ಕ್ರೂ ಇರುವುದು ಡಿಸ್‌ಪ್ಲೇ ಕಳಚಿ ಬೀಳದಿರಲೆಂದು, ಆ್ಯಪ್ ಬೀಗ ಇರುವುದು ಮೋಟಾರ್ ಓಡದಿರಲೆಂದು. ಕಳ್ಳನ ಕೈ ತಡೆಯುವುದು ಎರಡರ ಜವಾಬ್ದಾರಿಯೂ ಅಲ್ಲ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಕಳಚಿ ಬರುವಂತೆ ರೂಪಿಸಿದ ಡಿಸ್‌ಪ್ಲೇಯನ್ನು ಕಳಚಿಕೊಂಡೇ ಹೋಗಿ. ಕಳಚದಂತೆ ರೂಪಿಸಿದ್ದನ್ನು ಇನ್ನಷ್ಟು ಗಟ್ಟಿ ಮಾಡಿ. ಕಳಚುವುದನ್ನು ಅರೆಬರೆ ಬಿಗಿದು ಬೀದಿಯಲ್ಲಿ ನಿಲ್ಲಿಸುವುದು ಎಲ್ಲಕ್ಕಿಂತ ದುಬಾರಿ ದಾರಿ. ಕೈಗೆ ಬಾರದ ಡಿಸ್‌ಪ್ಲೇಯನ್ನು ಕಳ್ಳ ಅದನ್ನು ಹ್ಯಾಂಡಲ್ಲಿಗೆ ಹಿಡಿದಿರುವ ಮೌಂಟ್ ಸಮೇತ ಮುರಿದು ಎಳೆಯುತ್ತಾನೆ. ಬಾಷ್ ಮೋಟಾರಿನ ಸೈಕಲ್‌ಗಳಲ್ಲಿ ಮೌಂಟಿನ ವೈರ್ ಚೌಕಟ್ಟಿನೊಳಗಿನಿಂದ ಮೋಟಾರಿನವರೆಗೂ ಹೋಗಿರುತ್ತದೆ. ಅದು ಕಿತ್ತರೆ ಮೋಟಾರಿನ ಹೊರಕವಚ ಬಿಚ್ಚಿಸಿ ಹೊಸ ವೈರ್ ಎಳೆಸಬೇಕು. ಡಿಸ್‌ಪ್ಲೇ ಹೋದ ದುಃಖದ ಮೇಲೆ ಕೂಲಿಯ ಬಿಲ್ ಬೇರೆ.

ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಎಲ್ಲರೂ ನೇರವಾಗಿ ಸ್ಕ್ರೂಗೆ ಕೈಹಾಕುತ್ತಾರೆ. ಸ್ಕ್ರೂ ಇಲ್ಲಿ ಬರುವುದು ಆರನೆಯ ಹಂತದಲ್ಲಿ.

## ಬೇಕಾಗುವ ಸಾಮಾನು

2, 2.5 ಮತ್ತು 3 ಮಿಲಿಮೀಟರಿನ ಅಲೆನ್ ಕೀಗಳು, ಸಣ್ಣ ಸ್ಟಾರ್ ಸ್ಕ್ರೂಡ್ರೈವರ್, ನಡುವೆ ಕಡ್ಡಿಯಿರುವ ಟಾರ್ಕ್ಸ್ (ಆರು ಮೂಲೆಯ ನಕ್ಷತ್ರದ ಗುಳಿಯ) ಸ್ಕ್ರೂಗಳು ಮತ್ತು ಅವಕ್ಕೆ ಹೊಂದುವ, ತುದಿಯಲ್ಲಿ ತೂತಿರುವ ಬಿಟ್‌ಗಳು, ವರ್ನಿಯರ್ ಕ್ಯಾಲಿಪರ್, ವೈರಿಗೆ ಸುತ್ತುವ ಸುರುಳಿ ಕೊಳವೆ, ಕೇಬಲ್ ಟೈ, ಟೆಫ್ಲಾನ್ ಟೇಪ್, ಮೇಣದಬತ್ತಿಯ ತುಂಡು, ಮೆತ್ತನೆಯ ಒಣ ಬಟ್ಟೆ. ಕ್ಯಾಲಿಪರ್ ಇಲ್ಲದಿದ್ದರೆ ಹಳೆಯ ಸ್ಕ್ರೂವನ್ನೇ ಅಂಗಡಿಗೆ ಒಯ್ಯಿರಿ. ಬೆಂಗಳೂರಿನವರಿಗೆ ಎಸ್.ಜೆ.ಪಿ. ರಸ್ತೆಯ ನಟ್ಟು-ಬೋಲ್ಟಿನ ಅಂಗಡಿಗಳಲ್ಲಿ ಹುಡುಕುವುದು ಸುಲಭ. ಬೇರೆ ಊರಿನವರು ಆನ್‌ಲೈನ್‌ನಲ್ಲಿ ತರಿಸಿಕೊಳ್ಳಬಹುದು. ಬಿಟ್ ಇಲ್ಲದೆ ಬರಿಯ ಸ್ಕ್ರೂ ಮಾತ್ರ ಕೊಂಡರೆ ಮುಂದೆ ಬಿಚ್ಚಲಾಗದೆ ಪರದಾಡುವವರು ನೀವೇ.

ಬೇಡವಾದ ಸಾಮಾನು: ಫೆವಿಕ್ವಿಕ್, ಎಂ-ಸೀಲ್, ಸ್ಕ್ರೂ ಸಡಿಲವಾಗದಂತೆ ಹಾಕುವ ನೀಲಿ ದ್ರವ. ಏಕೆ ಬೇಡವೆಂದು ಏಳನೆಯ ಹಂತದಲ್ಲಿ ಹೇಳಿದ್ದೇನೆ.

## ಹಂತ 1: ನಿಮ್ಮ ಮೌಂಟ್ ಯಾವ ಬಗೆಯದು?

ಕೊಕ್ಕೆಯ ಮೌಂಟ್: ಬಾಷ್‌ನ ಇಂಟುವಿಯಾ ಎಂಬ ಡಿಸ್‌ಪ್ಲೇ ಈ ಬಗೆಯದು. ಮೌಂಟಿನಲ್ಲಿರುವ ಕೊಕ್ಕೆಯನ್ನು ಒತ್ತಿಹಿಡಿದು ಡಿಸ್‌ಪ್ಲೇಯನ್ನು ಮುಂದಕ್ಕೆ ಜಾರಿಸಿದರೆ ಬಿಟ್ಟುಕೊಳ್ಳುತ್ತದೆ. ಒಂದು ಸೈಕಲ್ಲಿನಿಂದ ತೆಗೆದ ಇಂಟುವಿಯಾ ಅದೇ ಪೀಳಿಗೆಯ ಬಾಷ್ ಮೋಟಾರಿನ ಇನ್ನೊಂದು ಸೈಕಲ್ಲಿನಲ್ಲಿ ಕೆಲಸ ಮಾಡುತ್ತದೆ. ಕಳ್ಳನಿಗೆ ಅದರ ಮೇಲೆ ಕಣ್ಣು ಬೀಳಲು ಅಷ್ಟು ಸಾಕು.

ಅಯಸ್ಕಾಂತದ ಮೌಂಟ್: ಬಾಷ್‌ನ ಹಿಂದಿನ ಪೀಳಿಗೆಯ ಕಿಯಾಕ್ಸ್ ಹೀಗಿದೆ. ಮೇಲಿನ ಅಂಚು ಹಿಡಿದು ನಿಮ್ಮತ್ತ ಎಳೆದರೆ ಕೈಗೆ ಬರುತ್ತದೆ. ಹಳ್ಳ ಬಿದ್ದ ರಸ್ತೆಯಲ್ಲಿ ಹೆಚ್ಚು ಓಡಾಡುವವರು ಇದಕ್ಕೆ ಒಂದು ಸಣ್ಣ ದಾರ ಕಟ್ಟಿಕೊಳ್ಳುವುದು ಒಳ್ಳೆಯದು. ಅದು ಕಳ್ಳನಿಗಾಗಿ ಅಲ್ಲ, ಹಳ್ಳಗಳಿಗಾಗಿ.

ಕ್ಲ್ಯಾಂಪಿನ ಮೌಂಟ್: ನಮ್ಮ ದೇಶದಲ್ಲಿ ಮಾರಾಟವಾಗುವ ಹೆಚ್ಚಿನ ಇ-ಸೈಕಲ್‌ಗಳಲ್ಲೂ, ಹಳೆಯ ಸೈಕಲ್ಲಿಗೆ ಕೂರಿಸುವ ಮೋಟಾರ್ ಕಿಟ್‌ಗಳಲ್ಲೂ ಇರುವುದು ಇದು. ಹ್ಯಾಂಡಲ್ ಅನ್ನು ತಬ್ಬಿಕೊಂಡ ಪ್ಲಾಸ್ಟಿಕ್ ಪಟ್ಟಿ, ಅದಕ್ಕೆ ಒಂದೆರಡು ಅಲೆನ್ ಸ್ಕ್ರೂ, ಕೆಳಗೆ ಒಂದು ವೈರ್ ಮತ್ತು ದುಂಡನೆಯ ಕನೆಕ್ಟರ್. ಬರಿಗೈಯಲ್ಲಿ ಬಿಚ್ಚಲಾಗದು. ಅಲೆನ್ ಕೀ ಇದ್ದವನಿಗೆ ಅರ್ಧ ನಿಮಿಷದ ಕೆಲಸ.

ಡಿಸ್‌ಪ್ಲೇ ಇಲ್ಲದೆ ನಿಮ್ಮ ಸೈಕಲ್ಲಿನ ಮೋಟಾರ್ ಓಡುತ್ತದೆಯೇ ಎಂಬುದನ್ನೂ ಈಗಲೇ ನೋಡಿಕೊಳ್ಳಿ. ಇಂಟುವಿಯಾ ತೆಗೆದರೆ ಮೋಟಾರಿನ ನೆರವು ಸಿಗುವುದಿಲ್ಲ. 2021ರಲ್ಲಿ ಬಂದ ಬಾಷ್ ಸ್ಮಾರ್ಟ್ ಸಿಸ್ಟಂನಲ್ಲಿ ಹ್ಯಾಂಡಲ್ಲಿನ ಎಲ್‌ಇಡಿ ರಿಮೋಟ್ ಒಂದಿದ್ದರೆ ಸಾಕು, ಕಿಯಾಕ್ಸ್ 300 ಇಲ್ಲದೆಯೂ ಸೈಕಲ್ ನಡೆಯುತ್ತದೆ. ಅಂಥವರು ಪೇಟೆಗೆ ಹೋಗುವ ದಿನ ಡಿಸ್‌ಪ್ಲೇಯನ್ನು ಮನೆಯಲ್ಲೇ ಬಿಟ್ಟು ಹೊರಡಬಹುದು. ಅದಕ್ಕಿಂತ ಅಗ್ಗದ ಭದ್ರತೆ ಇನ್ನೊಂದಿಲ್ಲ.

## ಹಂತ 2: ಒಯ್ಯುವುದೋ, ಬಿಗಿಯುವುದೋ?

ಕೊಕ್ಕೆ ಅಥವಾ ಅಯಸ್ಕಾಂತದ ಮೌಂಟ್ ಇರುವವರು ಒಯ್ಯುವುದನ್ನೇ ಆರಿಸಿಕೊಳ್ಳಿ. ಇದಕ್ಕೆ ಒಂದೇ ವಿನಾಯಿತಿ: ಸೈಕಲ್ ರಾತ್ರಿ ಬೀಗ ಹಾಕಿದ ಕೋಣೆಯೊಳಗೆ, ಹಗಲು ನಿಮ್ಮ ಕಣ್ಣೆದುರು ಮಾತ್ರ ಇರುವುದಾದರೆ, ಪದೇ ಪದೇ ತೆಗೆದು ಹಾಕುವ ಕಿರಿಕಿರಿ ತಪ್ಪಿಸಲು ಬಿಗಿಯಬಹುದು. ಕ್ಲ್ಯಾಂಪಿನವರಿಗೆ ಆಯ್ಕೆಯಿಲ್ಲ, ಬಿಗಿಯಬೇಕು.

ನಿಲ್ಲಿಸುವ ಜಾಗದ ಬಗ್ಗೆ ನಾವು ಉಲ್ಟಾ ಲೆಕ್ಕ ಹಾಕುತ್ತೇವೆ. ಮಾರುಕಟ್ಟೆಯಲ್ಲಿ ಐದು ನಿಮಿಷ ಸೊಪ್ಪು ಕೊಳ್ಳುವಾಗ ಹತ್ತು ಸಲ ತಿರುಗಿ ನೋಡುತ್ತೇವೆ, ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಇಡೀ ರಾತ್ರಿ ಬಿಟ್ಟು ಮರೆಯುತ್ತೇವೆ. ಬಿಡಿಭಾಗ ಬಿಚ್ಚುವವನಿಗೆ ಬೇಕಾದದ್ದು ನೆಲಮಾಳಿಗೆಯೇ: ಜನರಿಲ್ಲ, ಸಮಯವಿದೆ, ಮಳೆಯಿಲ್ಲ. ಮೆಟ್ರೊ ನಿಲ್ದಾಣದ ಪಾರ್ಕಿಂಗ್ ಕೂಡ ಹಾಗೆಯೇ. ಕಾವಲಿನವರು ಚೀಟಿ ನೋಡಿ ಸೈಕಲ್ ಬಿಡುತ್ತಾರೆ, ಹ್ಯಾಂಡಲ್ ಮೇಲೆ ಬೆಳಿಗ್ಗೆ ಏನಿತ್ತು ಎಂದು ನೆನಪಿಡುವುದು ಅವರ ಕೆಲಸವಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿರುವ ಕನ್ನಡಿಗರಿಗೂ ಇದೇ ಮಾತು. ಯುಟ್ರೆಕ್ಟ್ ಕೇಂದ್ರ ನಿಲ್ದಾಣದಡಿ 12,500 ಸೈಕಲ್‌ಗಳಿಗೆ ಜಾಗವಿದೆ. ಅಷ್ಟು ಸೈಕಲ್‌ಗಳ ನಡುವೆ ಯಾರು ಯಾರ ಹ್ಯಾಂಡಲ್ ಮುಟ್ಟುತ್ತಿದ್ದಾರೆಂದು ಯಾರೂ ಗಮನಿಸುವುದಿಲ್ಲ.

## ಹಂತ 3: ಸಂಖ್ಯೆ ಬರೆದಿಡಿ, ಗುರುತು ಹಾಕಿ

ಡಿಸ್‌ಪ್ಲೇಯನ್ನು ಬಿಗಿಯುವ ಮೊದಲೇ ಇದನ್ನು ಮುಗಿಸಬೇಕು. ಕ್ರಮಸಂಖ್ಯೆ ಸಾಮಾನ್ಯವಾಗಿ ಹಿಂಬದಿಯಲ್ಲಿರುತ್ತದೆ, ಬಿಗಿದ ಮೇಲೆ ಕಾಣುವುದಿಲ್ಲ. ಡಿಸ್‌ಪ್ಲೇಯ ಹಿಂಬದಿ, ಸೈಕಲ್ಲಿನ ಫ್ರೇಮ್ ಸಂಖ್ಯೆ, ಖರೀದಿಯ ಬಿಲ್, ಇವು ಮೂರರ ಫೋಟೊ ತೆಗೆದು ನಿಮಗೇ ಮೇಲ್ ಮಾಡಿಕೊಳ್ಳಿ.

ಭಾರತದಲ್ಲಿರುವವರಿಗೆ ಇದು ಇನ್ನೂ ಮುಖ್ಯ. ಮೋಟಾರಿನ ಶಕ್ತಿ 250 ವ್ಯಾಟ್ ಮತ್ತು ವೇಗ ಗಂಟೆಗೆ 25 ಕಿಲೋಮೀಟರ್ ಮೀರದ, ಬ್ಯಾಟರಿ ಬಿಟ್ಟು 60 ಕಿಲೋಗ್ರಾಂ ದಾಟದ ಇ-ಸೈಕಲ್ ಮೋಟಾರು ವಾಹನದ ವ್ಯಾಖ್ಯೆಗೆ ಬರುವುದಿಲ್ಲ. ನೋಂದಣಿ ಇಲ್ಲ, ಆರ್‌ಸಿ ಇಲ್ಲ. ಈ ವಸ್ತು ನನ್ನದು ಎನ್ನಲು ನಿಮ್ಮ ಬಳಿ ಇರುವುದು ಬಿಲ್ ಮತ್ತು ಫ್ರೇಮ್ ಸಂಖ್ಯೆ ಮಾತ್ರ.

ಡಿಸ್‌ಪ್ಲೇಯ ಹಿಂಬದಿಯಲ್ಲಿ ನಿಮ್ಮ ಹೆಸರಿನ ಮೊದಲಕ್ಷರವನ್ನೋ ಮನೆ ಸಂಖ್ಯೆಯನ್ನೋ ಸೂಜಿಮೊನೆಯಿಂದ ಹಗುರವಾಗಿ ಕೆತ್ತಿ. ಗುರುತು ಬಿದ್ದ ಮಾಲಿಗೆ ಬೆಲೆ ಇಳಿಯುತ್ತದೆ. ಎರಡು ಜಾಗ ಬಿಟ್ಟು ಕೆತ್ತಿ: ಕವಚದ ಎರಡು ಹೋಳುಗಳು ಸೇರುವ ಗೆರೆ ಮತ್ತು ವಿದ್ಯುತ್ ಸಂಪರ್ಕದ ಬಿಂದುಗಳು. ಸೇರುವ ಗೆರೆಯಲ್ಲಿ ಕೆತ್ತಿದರೆ ನೀರು ಒಳಗಿಳಿಯಲು ದಾರಿಯಾಗುತ್ತದೆ.

## ಹಂತ 4: ಪಾಸ್‌ವರ್ಡ್ ಮತ್ತು ಆ್ಯಪ್ ಬೀಗ

ಬಾಷ್ ಸ್ಮಾರ್ಟ್ ಸಿಸ್ಟಂ ಇರುವವರು ಫ್ಲೋ ಆ್ಯಪ್‌ನಲ್ಲಿ ಇ-ಬೈಕ್ ಲಾಕ್ ಸಕ್ರಿಯಗೊಳಿಸಿ. ಆಗ ಮೊಬೈಲೇ ಬೀಗದಕೈ ಆಗುತ್ತದೆ, ಅದು ಹತ್ತಿರವಿಲ್ಲದಿದ್ದರೆ ಮೋಟಾರ್ ನೆರವು ಕೊಡುವುದಿಲ್ಲ. ಹಿಂದಿನ ಪೀಳಿಗೆಯ ಕಿಯಾಕ್ಸ್‌ನಲ್ಲಿ ಲಾಕ್ ಎಂಬುದು ಹಣ ಕೊಟ್ಟು ಪಡೆಯಬೇಕಾದ ಸೌಲಭ್ಯವಾಗಿತ್ತು: ಡಿಸ್‌ಪ್ಲೇ ಕಳಚಿದ ಕೂಡಲೇ ಮೋಟಾರಿಗೆ ಬೀಗ, ಮತ್ತೆ ಕೂರಿಸಿದರೆ ತೆರವು.

ತಪ್ಪಾಗುವುದು ಇಲ್ಲಿಯೇ. ಡಿಸ್‌ಪ್ಲೇಯನ್ನೇ ಬೀಗದಕೈಯಾಗಿ ಗೊತ್ತುಮಾಡಿ, ಆಮೇಲೆ ಅದನ್ನು ಸೈಕಲ್ಲಿನ ಮೇಲೆಯೇ ಬಿಟ್ಟು ಹೋಗುವುದು ಮನೆಗೆ ಬೀಗ ಹಾಕಿ ಬೀಗದಕೈಯನ್ನು ಚಿಲಕಕ್ಕೆ ನೇತುಹಾಕಿದಂತೆ. ಸ್ಕ್ರೂ ಹಾಕಿ ಬಿಗಿದ ಕಿಯಾಕ್ಸ್‌ನಲ್ಲಿ ಹೀಗಾಗುತ್ತದೆ: ಕಳಚುವುದೇ ಇಲ್ಲ, ಹಾಗಾಗಿ ಬೀಗ ಬೀಳುವುದೇ ಇಲ್ಲ. ಅಡಿಯ ಸ್ಕ್ರೂ ಬೇಕೋ, ಲಾಕ್ ಬೇಕೋ, ಒಂದನ್ನು ಆರಿಸಿಕೊಳ್ಳಿ.

ಬಫಾಂಗ್‌ನಂಥ ಕಂಪನಿಗಳ ಕೆಲವು ಡಿಸ್‌ಪ್ಲೇಗಳಲ್ಲಿ ಆನ್ ಮಾಡಿದಾಗ ನಾಲ್ಕಂಕಿಯ ಪಾಸ್‌ವರ್ಡ್ ಕೇಳುವ ವ್ಯವಸ್ಥೆಯಿದೆ. ಹೆಚ್ಚಿನವರು ಇದು ಸೈಕಲ್ ಕಾಯುತ್ತದೆಂದು ಭಾವಿಸುತ್ತಾರೆ. ಅದೇ ಮಾದರಿಯ ಬೇರೊಂದು ಡಿಸ್‌ಪ್ಲೇ ಸಿಕ್ಕಿಸಿದರೆ ಸೈಕಲ್ ಮಾಮೂಲಿನಂತೆ ಹೊರಟುಬಿಡುತ್ತದೆ. ಪಾಸ್‌ವರ್ಡ್ ಕಾಯುವುದು ಡಿಸ್‌ಪ್ಲೇಯನ್ನು. ಕದ್ದವನ ಕೈಯಲ್ಲಿ ಅದು ಅಂಕಿ ಕೇಳುತ್ತಾ ಕೂರುತ್ತದೆ, ಕೊಳ್ಳುವವನು ಹಿಂಜರಿಯುತ್ತಾನೆ. ಕಾರ್ಖಾನೆಯಿಂದ ಬಂದ ಮೂಲ ಅಂಕಿಗಳನ್ನು ಮಾತ್ರ ಹಾಗೆಯೇ ಉಳಿಸಬೇಡಿ, ಅವು ಕೈಪಿಡಿಗಳಲ್ಲಿ ಅಚ್ಚಾಗಿರುತ್ತವೆ. ಬದಲಿಸಿದ ಅಂಕಿಯನ್ನು ಬಿಲ್ಲಿನ ಫೋಟೊ ಜತೆಯಲ್ಲೇ ಬರೆದಿಡಿ.

## ಹಂತ 5: ಕಳಚಿ ಒಯ್ಯುವವರ ದಿನಚರಿ

ಸೈಕಲ್ ನಿಲ್ಲಿಸಿ, ಮೊದಲು ವ್ಯವಸ್ಥೆಯನ್ನು ಆಫ್ ಮಾಡಿ, ನಂತರ ಡಿಸ್‌ಪ್ಲೇ ಕಳಚಿ, ಕೊನೆಗೆ ಚೌಕಟ್ಟಿಗೆ ಬೀಗ ಹಾಕಿ. ಬೀಗ ಹಾಕುವುದನ್ನು ಮೊದಲು ಮಾಡುವವರು ಡಿಸ್‌ಪ್ಲೇ ಮರೆತು ಹೊರಡುತ್ತಾರೆ, ಏಕೆಂದರೆ ಬೀಗ ಬಿದ್ದ ಸದ್ದಿಗೆ ಕೆಲಸ ಮುಗಿಯಿತೆಂದು ಮನಸ್ಸು ತಾನೇ ತೀರ್ಮಾನಿಸಿಬಿಡುತ್ತದೆ.

ಕಳಚುವಾಗ ಬಲ ಬಳಸಬೇಡಿ. ಇಂಟುವಿಯಾವನ್ನು ಮೇಲಕ್ಕೆ ಎತ್ತಿದರೆ ಬರುವುದಿಲ್ಲ, ಕೊಕ್ಕೆ ಒತ್ತಿ ಮುಂದಕ್ಕೆ ಜಾರಿಸಬೇಕು. ಮೇಲಕ್ಕೆ ಎಳೆದು ಎಳೆದು ಮೌಂಟಿನ ಅಂಚು ಸವೆಸಿದವರಿಗೆ ಮುಂದೆ ರಸ್ತೆಯಲ್ಲಿ ಡಿಸ್‌ಪ್ಲೇ ಕಟಕಟ ಎನ್ನತೊಡಗುತ್ತದೆ.

ಒಯ್ಯಲು ಮೆತ್ತನೆಯ ಪುಟ್ಟ ಚೀಲ ಇಟ್ಟುಕೊಳ್ಳಿ. ಕೀಲಿ, ಚಿಲ್ಲರೆ ಇರುವ ಜೇಬು ಬೇಡ. ಪರದೆ ಗೀಚುವುದಕ್ಕಿಂತ ಹೆಚ್ಚಾಗಿ, ಲೋಹ ತಾಗಿ ಹಿಂಬದಿಯ ಸಂಪರ್ಕ ಬಿಂದುಗಳು ಕೆಡುತ್ತವೆ.

ಬರಿದಾದ ಮೌಂಟನ್ನು ಮರೆಯಬೇಡಿ. ಡಿಸ್‌ಪ್ಲೇ ಇಲ್ಲದ ಹೊತ್ತಿನಲ್ಲಿ ಅದರ ಲೋಹದ ಬಿಂದುಗಳು ಮಳೆಗೂ ದೂಳಿಗೂ ತೆರೆದಿರುತ್ತವೆ. ಮೌಂಟಿಗೆ ಹೊಂದುವ ಮುಚ್ಚಳ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ರಬ್ಬರ್ ಬ್ಯಾಂಡ್ ಹಾಕಿದ ಪ್ಲಾಸ್ಟಿಕ್ ಹಾಳೆಯೂ ಆದೀತು. ಮಳೆಯಲ್ಲಿ ನೆನೆದರೆ ಒಣ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಡಿಸ್‌ಪ್ಲೇ ಕೂರಿಸಿ. ಸರ್ವಿಸ್ ಸ್ಟೇಷನ್ನಿನ ಒತ್ತಡದ ನೀರಿನ ಪೈಪನ್ನು ಹ್ಯಾಂಡಲ್ ಕಡೆಗೆ ತಿರುಗಿಸಲು ಬಿಡಲೇಬೇಡಿ. ಕೂರಿಸಿದ ಮೇಲೂ ಡಿಸ್‌ಪ್ಲೇ ಆಗಾಗ ಆರಿ ಹೊತ್ತಿಕೊಂಡರೆ ಬಿಂದುಗಳ ಮೇಲೆ ಹಸಿರು ಅಥವಾ ಬಿಳಿ ಪುಡಿ ಕಟ್ಟಿದೆಯೇ ನೋಡಿ.

ಇಂಟುವಿಯಾ, ಹಿಂದಿನ ಪೀಳಿಗೆಯ ಕಿಯಾಕ್ಸ್‌ಗಳ ಒಳಗೆ ಅವುಗಳದೇ ಸಣ್ಣ ಬ್ಯಾಟರಿ ಇದೆ. ಊರಿಗೆ ಹೋಗುವಾಗ ಕಳಚಿ ಕಪಾಟಿನಲ್ಲಿಟ್ಟು ತಿಂಗಳುಗಟ್ಟಲೆ ಮರೆತರೆ ಅದು ಪೂರ್ತಿ ಬರಿದಾಗುತ್ತದೆ. ತಡವೆಂದರೂ ಮೂರು ತಿಂಗಳಿಗೊಮ್ಮೆ ಚಾರ್ಜ್ ಮಾಡಿ.

## ಹಂತ 6: ಇಂಟುವಿಯಾಕ್ಕೆ ಅಡಿಯಿಂದ ಸ್ಕ್ರೂ ಹಾಕುವುದು

ಎರಡನೆಯ ಹಂತದ ವಿನಾಯಿತಿ ನಿಮಗೆ ಅನ್ವಯಿಸಿದರೆ ಮಾತ್ರ ಇದನ್ನು ಮಾಡಿ. ಈ ಸ್ಕ್ರೂ ಕಳ್ಳತನ ತಡೆಯುವ ಸಾಧನವಲ್ಲ ಎಂದು ಬಾಷ್ ತನ್ನ ಕೈಪಿಡಿಯಲ್ಲೇ ಸ್ಪಷ್ಟವಾಗಿ ಬರೆದಿದೆ. ಆ ಸಾಲನ್ನು ಯಾರೂ ಓದಿದಂತೆ ಕಾಣುವುದಿಲ್ಲ.

ಸ್ಕ್ರೂ ಅಳತೆ ಎಂ3 (ಅಂದರೆ 3 ಮಿಲಿಮೀಟರ್ ವ್ಯಾಸ), ಉದ್ದ 8 ಮಿಲಿಮೀಟರ್. ಇದರಲ್ಲಿ ರಾಜಿ ಇಲ್ಲ. 10 ಅಥವಾ 12 ಮಿಲಿಮೀಟರಿನದು ಮನೆಯಲ್ಲಿ ಸಿಕ್ಕಿತೆಂದು ಹಾಕಿದರೆ ತುದಿ ಡಿಸ್‌ಪ್ಲೇಯ ಹೊಟ್ಟೆಗೆ ಚುಚ್ಚುತ್ತದೆ.

ಕ್ರಮ ಹೀಗೆ. ಸೈಕಲ್ ಆಫ್ ಮಾಡಿ ಬ್ಯಾಟರಿ ತೆಗೆಯಿರಿ. ಡಿಸ್‌ಪ್ಲೇ ಕಳಚಿ. ಮೌಂಟ್ ಹ್ಯಾಂಡಲ್ಲಿಗೆ ಕೂತಿರುವ ರೀತಿಯ ಫೋಟೊ ತೆಗೆದು, ಅದರ ಸ್ಕ್ರೂಗಳನ್ನು ಬಿಚ್ಚಿ ಮೌಂಟನ್ನು ಹ್ಯಾಂಡಲ್ಲಿನಿಂದ ಬಿಡಿಸಿ. ವೈರ್ ಎಳೆದಾಡದಂತೆ ಇನ್ನೊಂದು ಕೈಯಲ್ಲಿ ಮೌಂಟ್ ಹಿಡಿದಿರಿ. ಈಗ ಡಿಸ್‌ಪ್ಲೇಯನ್ನು ಮೌಂಟಿನಲ್ಲಿ ಕೂರಿಸಿ. ಸ್ಕ್ರೂಗೆಂದೇ ಇರುವ ಥ್ರೆಡ್ ಕೊರೆದ ತೂತು ಮೌಂಟಿನ ಅಡಿಯಲ್ಲಿದೆ, ಅಲ್ಲಿ ಮೊದಲ ಎರಡು ಸುತ್ತನ್ನು ಬೆರಳಿನಿಂದಲೇ ತಿರುಗಿಸಿ. ಬೆರಳಿಗೆ ತಿರುಗದಿದ್ದರೆ ಸ್ಕ್ರೂ ಓರೆಯಾಗಿ ಹತ್ತಿದೆ ಎಂದರ್ಥ, ಹೊರತೆಗೆದು ಮತ್ತೆ ಇಡಿ. ತಲೆ ತಾಗಿದ ಕೂಡಲೇ ನಿಲ್ಲಿಸಿ. ಕೊಕ್ಕೆ ಒತ್ತಿ ಡಿಸ್‌ಪ್ಲೇ ಜಾರಿಸಲು ಪ್ರಯತ್ನಿಸಿ, ಜಾರದಿದ್ದರೆ ಮೌಂಟನ್ನು ಮೊದಲಿನಂತೆ ಹ್ಯಾಂಡಲ್ಲಿಗೆ ಕಟ್ಟಿ.

ಆ ಸ್ಕ್ರೂ ಈಗ ಹ್ಯಾಂಡಲ್ಲಿನ ಮರೆಯಲ್ಲಿದೆ, ಯಾರಿಗೂ ಕಾಣುವುದಿಲ್ಲ. ಆದರೆ ಮೌಂಟನ್ನು ಹ್ಯಾಂಡಲ್ಲಿಗೆ ಹಿಡಿದಿರುವ ಹೊರಗಿನ ಸ್ಕ್ರೂಗಳು ಎಲ್ಲರಿಗೂ ಕಾಣುತ್ತವೆ. ಅವನ್ನು ಬಿಚ್ಚಿದವನಿಗೆ ಒಳಗಿನದೂ ಸಿಗುತ್ತದೆ. ಒಳಗಿನ ಸ್ಕ್ರೂ ಹಾಕಿ ಹೊರಗಿನದನ್ನು ಬದಲಿಸದೆ ಬಿಡುವುದೇ ಅರೆಬರೆ ಬಿಗಿಯುವುದು. ಏಳನೆಯ ಹಂತ ನಿಮಗೂ ಅನ್ವಯಿಸುತ್ತದೆ.

ಒಂದು ಎಚ್ಚರಿಕೆ: ಪಂಕ್ಚರ್ ಆದಾಗ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸುವ ಅಭ್ಯಾಸ ನಮ್ಮಲ್ಲಿದೆ. ಬಿಗಿದ ಡಿಸ್‌ಪ್ಲೇ ಇರುವ ಸೈಕಲ್ಲನ್ನು ಹಾಗೆ ನಿಲ್ಲಿಸಿದರೆ ಇಡೀ ಭಾರ ಪರದೆಯ ಮೇಲೆ ಬೀಳುತ್ತದೆ. ಪಂಕ್ಚರ್ ಅಂಗಡಿಯವರಿಗೆ ಮೊದಲೇ ಹೇಳಿ.

## ಹಂತ 7: ಕ್ಲ್ಯಾಂಪಿನ ಸ್ಕ್ರೂ ಬದಲಿಸುವುದು

ಹಳೆಯ ಸ್ಕ್ರೂಗಳಲ್ಲಿ ಒಂದನ್ನು ಮಾತ್ರ ಬಿಚ್ಚಿ ಅಳೆಯಿರಿ. ವ್ಯಾಸ ಸಾಮಾನ್ಯವಾಗಿ ಎಂ3 ಅಥವಾ ಎಂ4 ಆಗಿರುತ್ತದೆ. ಉದ್ದ ಮತ್ತು ತಲೆಯ ದಪ್ಪವೂ ಹೊಂದಬೇಕು. ದಪ್ಪ ತಲೆಯದ್ದು ಗುಳಿಯಲ್ಲಿ ಪೂರ್ತಿ ಇಳಿಯದೆ ಹೊರಗೆ ಉಳಿದರೆ ಇಕ್ಕಳದಿಂದ ಹಿಡಿದು ತಿರುಗಿಸಬಹುದು, ಆಗ ಮಾಡಿದ್ದೆಲ್ಲ ವ್ಯರ್ಥ. ನಡುವೆ ಕಡ್ಡಿಯಿರುವ ಗುಂಡು ತಲೆಯ ಟಾರ್ಕ್ಸ್ ಸ್ಕ್ರೂ ತೆಗೆದುಕೊಳ್ಳಿ. ಎಂ3ಕ್ಕೆ ಸಾಮಾನ್ಯವಾಗಿ ಟಿ10, ಎಂ4ಕ್ಕೆ ಟಿ20 ಬಿಟ್ ಹೊಂದುತ್ತದೆ. ಸ್ಟೇನ್‌ಲೆಸ್ ಸ್ಟೀಲಿನದ್ದೇ ಇರಲಿ.

ಒಂದೊಂದಾಗಿ ಬದಲಿಸಿ. ಎರಡನ್ನೂ ಒಟ್ಟಿಗೆ ಬಿಚ್ಚಿದರೆ ಡಿಸ್‌ಪ್ಲೇ ವೈರಿನಲ್ಲಿ ಜೋತುಬೀಳುತ್ತದೆ. ಎರಡೂ ಕೂತ ಮೇಲೆ ಅತ್ತ ಸ್ವಲ್ಪ ಇತ್ತ ಸ್ವಲ್ಪ ಎಂದು ಸರದಿಯಲ್ಲಿ ಬಿಗಿಯಿರಿ. ಇಂಥ ಪುಟ್ಟ ಕ್ಲ್ಯಾಂಪ್‌ಗಳಿಗೆ ಬೇಕಾದ ಬಿಗಿ 1 ನ್ಯೂಟನ್ ಮೀಟರ್ ಆಸುಪಾಸು, ಅಂದರೆ ಎರಡು ಬೆರಳಿನಲ್ಲಿ ಹಿಡಿದ ಸಣ್ಣ ಕೀ ಕೊಡುವಷ್ಟು. ಡಿಸ್‌ಪ್ಲೇ ಹಿಡಿದು ತಿರುಗಿಸಿದಾಗ ಸ್ವಲ್ಪ ಪ್ರಯಾಸದಿಂದ ಅಲುಗಿದರೆ ಸಾಕು. ಕಳ್ಳನ ಮೇಲಿನ ಸಿಟ್ಟನ್ನು ಸ್ಕ್ರೂ ಮೇಲೆ ತೀರಿಸಿಕೊಂಡರೆ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ಸಡಿಲವೆನಿಸಿದರೆ ಹ್ಯಾಂಡಲ್ ಮತ್ತು ಕ್ಲ್ಯಾಂಪ್ ನಡುವಿನ ರಬ್ಬರ್ ಪಟ್ಟಿ ಸರಿಯಾದ ದಪ್ಪದ್ದೇ ಎಂದು ನೋಡಿ. ಹ್ಯಾಂಡಲ್ ವ್ಯಾಸ 22.2, 25.4, 31.8 ಮಿಲಿಮೀಟರ್ ಹೀಗೆ ಬೇರೆ ಬೇರೆ ಇರುತ್ತದೆ.

ಹೊಸ ಸ್ಕ್ರೂ ಸಿಗದವರಿಗೆ ಸೈಕಲ್ ಸವಾರರ ಹಳೆಯ ಉಪಾಯವೊಂದಿದೆ. ಅಲೆನ್ ಸ್ಕ್ರೂ ತಲೆಯ ಗುಳಿಗೆ ಸ್ವಲ್ಪ ಮೇಣ ಕರಗಿಸಿ ಬಿಟ್ಟು, ಅದರ ಮೇಲೆ ಉಕ್ಕಿನ ಗುಂಡು ಒತ್ತಿ, ಮತ್ತೆ ಮೇಣ ಮುಚ್ಚಿ. ಗುಂಡಿನ ವ್ಯಾಸ ಗುಳಿಗೆ ಹೊಂದುವ ಅಲೆನ್ ಕೀಯ ಅಳತೆಯದೇ ಇರಬೇಕು: 2.5 ಮಿಲಿಮೀಟರ್ ಕೀಗೆ 2.5ರ ಗುಂಡು, 3ಕ್ಕೆ 3ರದು. ಹಳೆಯ ಸೈಕಲ್ ಬೇರಿಂಗಿನಲ್ಲಿ ಸಿಗುವ ಕಾಲಂಗುಲದ ಗುಂಡು ಇದಕ್ಕೆ ಬಾರದು. ಸುತ್ತಿಗೆಯಿಂದ ಬಡಿದು ಕೂರಿಸಬೇಡಿ. ಬೇಕೆಂದಾಗ ಮೇಣವನ್ನು ಸೂಜಿಯಿಂದ ಕೆರೆದು ಗುಂಡನ್ನು ಅಯಸ್ಕಾಂತದಿಂದ ಎತ್ತಿಕೊಳ್ಳಬಹುದು. ದಾರಿಯಲ್ಲಿ ಕೈಗೆ ಬಂದದ್ದನ್ನು ಎತ್ತುವವನಿಗೆ ಇಷ್ಟು ವ್ಯವಧಾನ ಇರುವುದಿಲ್ಲ.

ಇನ್ನು ಬೇಡವೆಂದ ಸಾಮಾನುಗಳ ಕಾರಣ. ಫೆವಿಕ್ವಿಕ್‌ನ ಆವಿ ಹತ್ತಿರದ ಪರದೆಯ ಮೇಲೆ ಬಿಳಿ ಮಬ್ಬಾಗಿ ಕೂರುತ್ತದೆ. ಅಂಟು ಬಿಡಿಸಲು ನೇಲ್ ಪಾಲಿಶ್ ರಿಮೂವರ್ ಹಚ್ಚಿದರೆ ಅದರಲ್ಲಿರುವ ಅಸಿಟೋನ್ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಎಂ-ಸೀಲ್ ಅಷ್ಟು ಸಣ್ಣ ಗುಳಿಯಲ್ಲಿ ಕಲ್ಲಾದರೆ ಡ್ರಿಲ್ ಮಾಡದೆ ಬರುವುದಿಲ್ಲ. ನೀಲಿ ದ್ರವದ ಅಪಾಯ ಇವೆರಡಕ್ಕಿಂತ ಮೋಸದ್ದು. ಲೋಹಕ್ಕೆ ಲೋಹ ಸೇರುವ ಕಡೆ ಅದು ಒಳ್ಳೆಯದೇ, ಆದರೆ ಹಲವು ಪ್ಲಾಸ್ಟಿಕ್‌ಗಳಿಗೆ ತಾಗಿದರೆ ಒತ್ತಡವಿರುವ ಜಾಗದಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟಿಸುತ್ತದೆ. ಹಾಕಿದ ದಿನ ಏನೂ ಕಾಣುವುದಿಲ್ಲ, ಒಂದು ದಿನ ಕ್ಲ್ಯಾಂಪ್ ತಾನಾಗಿ ತುಂಡಾಗುತ್ತದೆ. ಸ್ಕ್ರೂ ಸಡಿಲವಾಗುವ ಭಯವಿದ್ದರೆ ಅದರ ಥ್ರೆಡ್ ಮೇಲೆ ಟೆಫ್ಲಾನ್ ಟೇಪ್ ಒಂದು ಸುತ್ತು ಸಾಕು.

## ಹಂತ 8: ವೈರ್ ಮರೆಮಾಡಿ

ಸ್ಕ್ರೂ ಗಟ್ಟಿಯಾದ ಮೇಲೆ ಕಳ್ಳನ ಕಣ್ಣು ಹೋಗುವುದು ಕನೆಕ್ಟರ್ ಕಡೆಗೆ. ಹ್ಯಾಂಡಲ್ ಬಳಿಯೇ ನೇತಾಡುವ ಕನೆಕ್ಟರನ್ನು ಚೌಕಟ್ಟಿನ ಕಡೆಗೆ ಸರಿಸಿ, ಬ್ರೇಕ್ ಕೇಬಲ್‌ಗಳ ಜತೆ ಸೇರಿಸಿ ಸುರುಳಿ ಕೊಳವೆ ಸುತ್ತಿ, ಎರಡು ಕಡೆ ಟೈ ಹಾಕಿ. ಹ್ಯಾಂಡಲ್ಲನ್ನು ಎರಡೂ ಕೊನೆಗೆ ತಿರುಗಿಸಿ ನೋಡಿ. ಎಲ್ಲಿಯೂ ವೈರ್ ಬಿಗಿಯಬಾರದು.

ಈ ಕೆಲಸಕ್ಕೆ ಮುಂಚೆ ಬ್ಯಾಟರಿ ತೆಗೆದಿರಲೇಬೇಕು. ಕಿಟ್‌ಗಳ ಡಿಸ್‌ಪ್ಲೇ ವೈರಿನಲ್ಲಿ ಸಾಮಾನ್ಯವಾಗಿ ಬ್ಯಾಟರಿಯ ಪೂರ್ತಿ ವೋಲ್ಟೇಜ್, ಅಂದರೆ 36 ಅಥವಾ 48 ವೋಲ್ಟ್, ಹರಿಯುತ್ತಿರುತ್ತದೆ. ಟೈ ಕತ್ತರಿಸಲು ಹೋಗಿ ವೈರ್ ಕತ್ತರಿಸಿದರೆ ತಂತಿಗಳು ಒಂದಕ್ಕೊಂದು ತಾಗಿ, ಮೋಟಾರನ್ನು ನಿಯಂತ್ರಿಸುವ ಕಂಟ್ರೋಲರ್ ಸುಡಬಹುದು.

ಕನೆಕ್ಟರ್ ಬಿಚ್ಚಬೇಕಾದರೆ ನೇರವಾಗಿ ಎಳೆಯಿರಿ, ತಿರುಚಬೇಡಿ. ಸೇರಿಸುವಾಗ ಎರಡೂ ಕಡೆಯ ಬಾಣದ ಗುರುತು ಎದುರುಬದುರಾಗಿರಲಿ. ಒಳಗಿನ ಪಿನ್‌ಗಳು ತೀರ ಸಣ್ಣವು, ಒಮ್ಮೆ ಬಾಗಿದರೆ ನೆಟ್ಟಗಾಗುವುದು ಕಷ್ಟ. ಇದೇ ಕಾರಣಕ್ಕೆ ಕ್ಲ್ಯಾಂಪಿನ ಡಿಸ್‌ಪ್ಲೇಯನ್ನು ದಿನವೂ ಕನೆಕ್ಟರ್ ಬಿಚ್ಚಿ ಮನೆಗೊಯ್ಯುವ ಉಪಾಯ ನನಗೆ ಒಪ್ಪಿಗೆಯಿಲ್ಲ. ಆ ಕನೆಕ್ಟರ್ ಇರುವುದು ರಿಪೇರಿಗೆ, ದಿನಬಳಕೆಗಲ್ಲ. ಕೆಲಸದ ನಂತರ ಬಫಾಂಗ್ ಡಿಸ್‌ಪ್ಲೇಯಲ್ಲಿ ದೋಷಸಂಖ್ಯೆ 30 ಕಂಡರೆ ಸಂವಹನ ತಪ್ಪಿದೆ ಎಂದರ್ಥ. ಮೊದಲು ನೋಡಬೇಕಾದದ್ದು ಇದೇ ಕನೆಕ್ಟರನ್ನು.

## ಹಂತ 9: ಪರೀಕ್ಷೆ, ಮತ್ತು ಆಮೇಲೆ ಕಾಣಬಹುದಾದ ಸೂಚನೆಗಳು

ಬ್ಯಾಟರಿ ಹಾಕಿ, ಆನ್ ಮಾಡಿ, ಮನೆಯ ಸುತ್ತ ಉಬ್ಬುತಗ್ಗಿನ ದಾರಿಯಲ್ಲಿ ಒಂದು ಸುತ್ತು ಹೊಡೆಯಿರಿ. ಬ್ರೇಕ್ ಪೂರ್ತಿ ಹಿಡಿದಾಗ ವೈರ್ ಎಲ್ಲಿಯೂ ಸಿಕ್ಕಿಕೊಳ್ಳಬಾರದು. ಡಿಸ್‌ಪ್ಲೇ ಗುಂಡಿಗಳು ಕೈಗವಸು ಹಾಕಿದಾಗಲೂ ಒತ್ತಲು ಬರಬೇಕು. ಪರದೆಯ ಮೇಲೆ ಅಡ್ಡಲಾಗಿ ಟೈ ಕಟ್ಟಿಕೊಂಡವರೂ ಇದ್ದಾರೆ, ವೇಗ ಎಷ್ಟೆಂದು ಅವರಿಗೆ ಕಾಣುವುದು ದೇವರ ದಯೆ.

ಆಮೇಲೆ ಕಣ್ಣಿಡಬೇಕಾದದ್ದು ಸ್ಕ್ರೂ ತಲೆಗಳ ಮೇಲೆ. ತಲೆಯ ಸುತ್ತ ಹೊಸ ಗೀಚು, ಮೇಣದಲ್ಲಿ ತೂತು, ನಿನ್ನೆ ನೆಟ್ಟಗಿದ್ದ ಡಿಸ್‌ಪ್ಲೇ ಇಂದು ವಾಲಿರುವುದು, ತುಂಡಾದ ಟೈ: ಇವು ಯಾರೋ ಕೈಯಾಡಿಸಿ ಬಿಟ್ಟು ಹೋದ ಗುರುತು. ಬಿಟ್ಟು ಹೋದವನು ಸರಿಯಾದ ಬಿಟ್ ಹಿಡಿದು ಮತ್ತೆ ಬರಬಹುದು. ಆ ದಿನದಿಂದಲೇ ನಿಲ್ಲಿಸುವ ಜಾಗ ಬದಲಿಸಿ, ಅಪಾರ್ಟ್‌ಮೆಂಟ್ ಆದರೆ ಸಿಸಿಟಿವಿ ದೃಶ್ಯ ಅಳಿದುಹೋಗುವ ಮೊದಲೇ ಸಂಘದವರನ್ನು ಕೇಳಿ.

## ಆದರೂ ಕಳುವಾದರೆ

ಮೊದಲ ಕೆಲಸ ದೂರಿನದಲ್ಲ, ಬ್ಯಾಟರಿಯದು. ಡಿಸ್‌ಪ್ಲೇ ಕಿತ್ತ ಜಾಗದಲ್ಲಿ ತುಂಡಾದ ವೈರ್ ಇದ್ದರೆ ಕೂಡಲೇ ಬ್ಯಾಟರಿ ತೆಗೆಯಿರಿ, ನಂತರ ಫೋಟೊ ತೆಗೆದು, ತೆರೆದ ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿ. ಮೋಟಾರಿಲ್ಲದೆ ತುಳಿದುಕೊಂಡು ಮನೆ ಸೇರಬಹುದು.

ನಮ್ಮ ದೇಶದಲ್ಲಿ 2024ರ ಜುಲೈ 1ರಿಂದ ಕಳ್ಳತನಕ್ಕೆ ಅನ್ವಯಿಸುವುದು ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಂ. ಹೊಸ ಕಾರ್ಯವಿಧಾನದಲ್ಲಿ ದೂರನ್ನು ವಿದ್ಯುನ್ಮಾನ ರೂಪದಲ್ಲಿಯೂ ಕೊಡಬಹುದು, ಮೂರು ದಿನಗಳೊಳಗೆ ಠಾಣೆಗೆ ಹೋಗಿ ಸಹಿ ಮಾಡಬೇಕು. ಮೂರನೆಯ ಹಂತದ ಫೋಟೊಗಳು ಇಲ್ಲಿ ಬೇಕಾಗುತ್ತವೆ. ವಿಮೆ ಇದ್ದವರು ಪಾಲಿಸಿಯಲ್ಲಿ ಬಿಡಿಭಾಗಗಳ ಬಗ್ಗೆ ಏನಿದೆ ಎಂದು ಓದಿ. ಸಲಕರಣೆಯಿಲ್ಲದೆ ಕಳಚಬಹುದಾದ ಭಾಗಕ್ಕೂ ಬಿಗಿದ ಭಾಗಕ್ಕೂ ಹಲವು ಪಾಲಿಸಿಗಳು ಬೇರೆ ಬೇರೆ ನಿಯಮ ಇಡುತ್ತವೆ.

ಬದಲಿ ಡಿಸ್‌ಪ್ಲೇ ಕೊಳ್ಳುವಾಗ ಕನೆಕ್ಟರಿನ ಪಿನ್ ಎಣಿಕೆ ಹೊಂದಿದರೆ ಸಾಲದು. ಕಂಟ್ರೋಲರ್ ಜತೆ ಮಾತಾಡುವ ಭಾಷೆಯೂ ವೋಲ್ಟೇಜೂ ಹೊಂದಬೇಕು. ಆದ್ದರಿಂದ ಹಳೆಯದರ ಮಾದರಿ ಸಂಖ್ಯೆ ಹೇಳಿಯೇ ತರಿಸಿ. ಸೆಕೆಂಡ್ ಹ್ಯಾಂಡ್ ಮಾಲಾದರೆ ಅಂಗಡಿಯಲ್ಲೇ ಆನ್ ಮಾಡಿಸಿ ನೋಡಿ. ಪಾಸ್‌ವರ್ಡ್ ಕೇಳಿ, ಮಾರುವವನಿಗೆ ಅದು ಗೊತ್ತಿಲ್ಲದಿದ್ದರೆ, ಹಿಂಬದಿಯಲ್ಲಿ ಕ್ರಮಸಂಖ್ಯೆ ಉಜ್ಜಿ ಅಳಿಸಿದ್ದರೆ, ಅಲ್ಲಿಂದ ಎದ್ದು ಬನ್ನಿ.